ಕುಣಿಮಗ್ಗದ ಮೋಟರ್‌ಸೈಕಲ್

ಕೊನೆಯ ದಿನವೂ ನನ್ನ ಮಾವನವರು ಗಾಳಿಗೆ ಬೈದೇ ಮನೆ ಬಿಟ್ಟರು. ಅದು ಕೊನೆಯ ದಿನವೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗಾಳಿಗೂ ಗೊತ್ತಿರಲಿಕ್ಕಿಲ್ಲ, ಗೊತ್ತಿದ್ದರೆ ಇಷ್ಟು ವರ್ಷದ ಜಗಳದ ಮುಲಾಜಿಗಾದರೂ ಆ ಒಂದು ಬೆಳಿಗ್ಗೆ ಸುಮ್ಮನಿರುತ್ತಿತ್ತು.

ಸಂಕ್ರಾಂತಿ ಹತ್ತಿರ ಬಂದಿತ್ತು. ಬೆಟಗೇರಿಯ ನಮ್ಮ ಓಣಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಮಾವನವರು ಹೊಸ್ತಿಲ ಮೇಲೆ ನಿಂತು, ಒಂದು ಬೆರಳು ಹೊರಗೆ ಚಾಚಿ, ಎಣ್ಣೆ ಕಾದಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಗಾಳಿಯನ್ನು ಪರೀಕ್ಷಿಸಿದರು.

"ಬಂದೈತಿ," ಎಂದರು.

"ಯಾರ್ರೀ ಮಾವಾರ?"

"ಯಾರು ಅಂದ್ರ? ಗಾಳಿ. ನಿನ್ನಿ ಮುಂಡರಗಿ ಕಡಿಂದ ಬಂದಿತ್ತು. ಇವತ್ತ ಶಿರಹಟ್ಟಿ ಕಡಿಂದ ಬಂದೈತಿ. ದಾರಿ ಬದಲಿ ಮಾಡಿದ್ರ ನನಗ ಗೊತ್ತಾಗೂದಿಲ್ಲ ಅಂತ ತಿಳಕೊಂಡೈತಿ."

ಹಾಗೆ ಬೈಯುತ್ತಲೇ ನನ್ನನ್ನು ಹಿಂದೆ ಕೂರಿಸಿಕೊಂಡು ಡಂಬಳದ ದಾರಿ ಹಿಡಿದರು. ಡಂಬಳದಿಂದ ಒಳಗೆ ಹೋದರೆ ಸಿಗುವ ಹಳ್ಳಿಯ ಸರಕಾರಿ ಆಸ್ಪತ್ರೆಯಲ್ಲಿ ನಾನು ನರ್ಸು. ಅದರ ಮುಂದೆ ನನ್ನನ್ನು ಇಳಿಸಿ, "ಬರೂಮುಂದ ಬಸ್ಸಿನ್ಯಾಗ ಕಿಡಕಿ ಕಡೆ ಕುಂಡ್ರಬ್ಯಾಡ," ಎಂದರು. ದಿನವೂ ಹೇಳುವ ಮಾತು. ದಿನದ ಹಾಗೆಯೇ ನಾನು ಹೂಂ ಎಂದೆ. ಅವರು ಗಾಡಿ ತಿರುಗಿಸಿದರು. ಅದಕ್ಕಿಂತ ಸಾಮಾನ್ಯವಾದ ದಿನ ಇನ್ನೊಂದು ಇರಲಾರದು.

ಅವರು ಹೋಗಿ ಒಂದು ವರ್ಷವಾಗುತ್ತ ಬಂತು, ಮತ್ತೆ ಚಳಿ ಬಂದಿದೆ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ನಾನೂ ಅದನ್ನೇ ಬರೆಯೋಣವೆಂದು ಕೂರುತ್ತೇನೆ. ಆದರೆ ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಕಿವಿಟೋಪಿ. ಕಿವಿಟೋಪಿ ಇಟ್ಟುಕೊಂಡು ಗಂಭೀರವಾಗಿ ಬರೆಯುವುದು ಹೇಗೆ, ನೀವೇ ಹೇಳಿ.

ಚಳಿ ಎಲ್ಲರಿಗೂ ಆಗುತ್ತದೆ. ನಮ್ಮ ಮಾವನವರಿಗೆ ಮಾತ್ರ ಚಳಿಯೆಂದರೆ ಅವಮಾನ. ಅದಕ್ಕೆ ಕಾರಣ ಅವರ ಕಾಲುಗಳು.

ಅವರು ಕುಣಿಮಗ್ಗದ ನೇಕಾರರು. ನೆಲದಲ್ಲಿ ಸೊಂಟದಾಳದ ಕುಣಿ ತೋಡಿ, ಅದರ ಅಂಚಿನ ಮೇಲೆ ಕುಳಿತು, ಕಾಲು ಕೆಳಗೆ ಇಳಿಬಿಟ್ಟು, ಕುಣಿಯೊಳಗಿನ ಹಲಗೆಗಳನ್ನು ತುಳಿಯುತ್ತ ಸೀರೆ ನೇಯಬೇಕು. ನೆಲದೊಳಗೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಬಾಲ್ಯ ಮುಗಿಯುವ ಮೊದಲೇ ಅವರು ಕಾಲು ಇಳಿಬಿಟ್ಟಿದ್ದರು, ತಲೆ ನೆರೆತ ಮೇಲೆ ಎತ್ತಿದ್ದರು. ಅಷ್ಟು ವರ್ಷ ಆ ಕಾಲುಗಳಿಗೆ ಗಾಳಿ ಎಂದರೇನೆಂದೇ ಗೊತ್ತಿರಲಿಲ್ಲ.

"ಕೈಗೆ ಎಲ್ಲಾ ಗೊತ್ತದ," ಎನ್ನುತ್ತಿದ್ದರು. "ಬಿಸಿಲು ಗೊತ್ತು, ಥಂಡಿ ಗೊತ್ತು, ಮಂದಿ ಗೊತ್ತು. ನನ್ನ ಕಾಲು ಮನಿ ಬಿಟ್ಟು ಹೊರಗ ಬಂದೇ ಇಲ್ಲ. ಅವು ಇನ್ನೂ ಸಣ್ಣ ಹುಡುಗ್ರು."

ಮಗ್ಗದ ಕಾಲ ಮುಗಿದ ಮೇಲೆ ಅವರು ಒಂದು ಹಳೆಯ ಮೋಟರ್‌ಸೈಕಲ್ ಕೊಂಡು, ಬೇರೆಯವರು ನೇಯ್ದ ಸೀರೆಯ ಗಂಟುಗಳನ್ನು ಶಿರಹಟ್ಟಿ, ಲಕ್ಷ್ಮೇಶ್ವರದ ಅಂಗಡಿಗಳಿಗೆ ಮುಟ್ಟಿಸುತ್ತಿದ್ದರು. ಆಗ ಆ ಸಣ್ಣ ಹುಡುಗರಿಬ್ಬರೂ ಮೊದಲ ಬಾರಿಗೆ ಗಾಳಿಗೆ ಸಿಕ್ಕರು. ಜಗಳ ಶುರುವಾದದ್ದು ಅಲ್ಲಿಂದ. ಮನೆಯಲ್ಲಿ ಮಗ್ಗ ಬಿಚ್ಚಿದರೂ ಕುಣಿಯನ್ನು ಮುಚ್ಚಲು ಅವರು ಬಿಡಲಿಲ್ಲ. ನಡುಮನೆಯಲ್ಲಿ ಅಷ್ಟಗಲದ ಕುಣಿ. ಬಂದವರು ಬೀಳಬಾರದೆಂದು ಮೇಲೆ ಹಲಗೆ ಮುಚ್ಚಿರುತ್ತಿತ್ತು. "ಕುಣಿ ಮುಚ್ಚಿ ಫರಸಿಕಲ್ಲು ಹಾಕಿಸಿದ್ರ ಒಂದು ಸೋಫಾ ಹಿಡಿಸ್ತದ," ಎಂದು ನನ್ನ ಗಂಡ ವರ್ಷಕ್ಕೊಮ್ಮೆ ಹೇಳುವುದು, "ಸೋಫಾದಾಗ ಕಾಲ ಎಲ್ಲಿ ಇಳಿಬಿಡಲಿ?" ಎಂದು ಇವರು ಕೇಳುವುದು, ಅಲ್ಲಿಗೆ ಆ ವರ್ಷದ ಮಾತುಕತೆ ಮುಗಿಯುವುದು. ಹೊರಗಿನಿಂದ ಬಂದ ಕೂಡಲೇ ಹಲಗೆ ಸರಿಸಿ, ಕುಣಿಯಲ್ಲಿ ಕಾಲು ಇಳಿಬಿಟ್ಟು, ಅಲ್ಲಿಯೇ ಚಹಾ ಕುಡಿಯುತ್ತಿದ್ದರು. ಕಾಲುಗಳನ್ನು ತವರಿಗೆ ಕಳಿಸಿದಂತೆ.

ಇಂಥವರು ಚಳಿಗಾಲದ ಬೆಳಗಿನಲ್ಲಿ ನನ್ನನ್ನು ದಿನವೂ ಡಂಬಳದಾಚೆ ಬಿಟ್ಟು ಬರಲು ಒಪ್ಪಿದ್ದೇಕೆ?

ನನ್ನ ಎದೆಯ ಸಲುವಾಗಿ. ನನಗೆ ಮೊದಲಿನಿಂದ ದಮ್ಮಿನ ತೊಂದರೆ. ತಣ್ಣನೆಯ ಗಾಳಿ ಹೊಕ್ಕರೆ ಎದೆಯಲ್ಲಿ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿರಬೇಕು, ಮೊದಲ ಬಸ್ಸು ಹಿಡಿದರೂ ಅಷ್ಟೊತ್ತಿಗೆ ಮುಟ್ಟುವುದಿಲ್ಲ. ನನ್ನ ಗಂಡನದು ಹಾಲಿನ ಅಂಗಡಿ. ಊರೆಲ್ಲ ಹಾಲು ಒಯ್ಯುವ ಹೊತ್ತಿಗೆ ಅವರು ಅಂಗಡಿ ಬಿಟ್ಟು ಬರುವಂತಿಲ್ಲ. ಕೆಲಸ ಸಿಕ್ಕ ಮೊದಲ ಚಳಿಗಾಲದಲ್ಲೇ ನೆಂಟರೆಲ್ಲ ಕುಳಿತು ತೀರ್ಮಾನ ಮಾಡಿಬಿಟ್ಟಿದ್ದರು. ನೌಕರಿ ಬಿಡಬೇಕು, ಜೀವಕ್ಕಿಂತ ನೌಕರಿ ಹೆಚ್ಚೇ ಎಂದು. ನಾನು ಮೂಲೆಯಲ್ಲಿ ನಿಂತಿದ್ದೆ. ಕಷ್ಟಪಟ್ಟು ಕಲಿತ ಕೆಲಸ, ಆದರೆ ಆ ತೀರ್ಮಾನದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ.

ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಮಾವನವರು ಚಹಾದ ಬಸಿ ಕೆಳಗಿಟ್ಟರು.

"ಥಂಡಿ ಜೋಡಿ ಜಗಳ ನಂದು. ಅದರಾಗ ನೀವ್ಯಾರೂ ಬರಬ್ಯಾಡ್ರಿ. ಯವ್ವಾ, ನೌಕರಿ ನೀ ನೋಡ್ಕೋ. ಚಳಿಗಾಲ ನಾ ನೋಡ್ಕೋತೀನಿ."

ನೋಡಿಕೊಂಡರು. ಹೇಗೆ ನೋಡಿಕೊಂಡರು ಎಂಬುದೇ ಈ ಪ್ರಬಂಧ.

ಮೊದಲನೆಯ ತೊಂದರೆ ಮರ್ಯಾದೆಯದು. ಮಾವ ಮುಂದೆ, ಸೊಸೆ ಹಿಂದೆ. ಅಂಟಿಕೊಂಡು ಕೂರುವಂತಿಲ್ಲ. ನಾನು ಸೀಟಿನ ತುದಿಯಲ್ಲಿ, ಇನ್ನೊಂದು ಚೂರು ಹಿಂದೆ ಸರಿದರೆ ರಸ್ತೆಯ ಮೇಲೆ, ಹಾಗೆ ಕೂರುತ್ತಿದ್ದೆ. ನಮ್ಮಿಬ್ಬರ ನಡುವೆ ಒಂದು ಮಗು ಆರಾಮಾಗಿ ಮಲಗುವಷ್ಟು ಜಾಗ. ಹೊರಟ ಮೊದಲ ದಿನವೇ ಗಾಳಿ ಆ ಜಾಗವನ್ನು ಕಂಡುಹಿಡಿಯಿತು.

"ನಡುವೆ ಮೂರನೇದವ ಹತ್ಯಾನ," ಎಂದರು ಮಾವನವರು. "ತಿಕೀಟು ಇಲ್ಲದವ."

ಅವನನ್ನು ಇಳಿಸಲು ಅವರು ಕಂಡುಕೊಂಡ ಉಪಾಯ ರೊಟ್ಟಿ. ನಮ್ಮ ಅತ್ತೆ ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿಯುತ್ತಿದ್ದರು. ಹೆಂಚಿನಿಂದ ಇಳಿದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಹಳೆಯ ಧೋತರದ ಪದರಗಳಲ್ಲಿ ಸುತ್ತಿ ಗಂಟು ಕಟ್ಟುವುದು. ಆ ಗಂಟನ್ನು ನಮ್ಮಿಬ್ಬರ ನಡುವೆ ಇಡುವುದು. ಅವರ ಬೆನ್ನಿಗೂ ಬಿಸಿ, ನನ್ನ ಹೊಟ್ಟೆಗೂ ಬಿಸಿ, ನಡುವೆ ಮರ್ಯಾದೆಗೆ ಗೋಡೆ, ಮಧ್ಯಾಹ್ನಕ್ಕೆ ಊಟ. ಹೊರಡುವ ಮೊದಲು ಕೈ ಹಿಂದೆ ಚಾಚಿ ಗಂಟನ್ನು ತಟ್ಟಿ, "ಬಿಗಿ ಐತಿ?" ಎಂದು ಕೇಳುತ್ತಿದ್ದರು. ಸೀರೆ ಗಂಟು ಸಾಗಿಸಿದ ದಿನಗಳ ರೂಢಿ. ಕೇಳುತ್ತಿದ್ದುದು ರೊಟ್ಟಿಯನ್ನೋ ನನ್ನನ್ನೋ ಎಂದು ನನಗೆ ಕೊನೆಗೂ ತಿಳಿಯಲಿಲ್ಲ.

ಒಂದು ದಿನ ಆ ದಾರಿಯಲ್ಲಿ ಹೊಸದಾಗಿ ಹಂಪು ಹಾಕಿದ್ದರು. ಗಾಳಿಗೆ ಬೈಯುವ ಭರದಲ್ಲಿ ಮಾವನವರು ಅದನ್ನು ನೋಡಲಿಲ್ಲ. ಗಾಡಿ ಹಾರಿತು, ನಾನು ಹಾರಿದೆ, ಬಂದು ಕೂತದ್ದು ರೊಟ್ಟಿಗಂಟಿನ ಮೇಲೆ. ಆಸ್ಪತ್ರೆಯಲ್ಲಿ ಬಿಚ್ಚಿ ನೋಡಿದರೆ ರೊಟ್ಟಿ ಎನ್ನುವಂಥದ್ದು ಏನೂ ಉಳಿದಿರಲಿಲ್ಲ, ಬಿಸಿ ಬಿಸಿ ಚೂರು. ಅಲ್ಲಿಯ ನಮ್ಮ ಅಡಿಗೆಯಾಕೆ ಒಂದು ಕ್ಷಣ ನೋಡಿ, ಅದಕ್ಕೆ ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಹಸಿಮೆಣಸಿನಕಾಯಿ, ಒಂದಿಷ್ಟು ಎಣ್ಣೆ ಹಾಕಿ ಕಲಸಿ ಉಂಡೆ ಕಟ್ಟಿದಳು. ಮುಟಗಿ ತಯಾರು. ಡಾಕ್ಟರು ಎರಡು ಉಂಡೆ ತಿಂದರು.

ಸಂಜೆ ಮನೆಗೆ ಬಂದು ಇದನ್ನು ಹೇಳಿದ್ದೇ ತಪ್ಪಾಯಿತು.

"ಡಾಕ್ಟರು ಏನಂದ್ರು?"

"ಛಲೋ ಆಗೈತಿ ಅಂದ್ರಿ ಮಾವಾರ. ನಾಳೆನೂ ತರ್ತೀರೇನ್ರಿ ಸಿಸ್ಟರ್ ಅಂತ ಕೇಳಿದ್ರು."

ಮರುದಿನದಿಂದ ಅವರು ಹಂಪು ಕಂಡರೆ ಗಾಡಿಯ ವೇಗ ಹೆಚ್ಚಿಸತೊಡಗಿದರು.

ಇನ್ನು ಅವರ ಉಡುಪು. ಬನಿಯನ್ನು, ಅದರ ಮೇಲೆ ಹಿಂದಿನ ದಿನದ ಪತ್ರಿಕೆ, ಅದರ ಮೇಲೆ ಅಂಗಿ, ಅದರ ಮೇಲೆ ಅತ್ತೆ ಹೆಣೆದ ತೋಳಿಲ್ಲದ ಸ್ವೆಟರು, ಮತ್ತೆ ಪತ್ರಿಕೆ, ಕೊನೆಗೆ ಕೋಟು. ತಲೆಗೆ ಕಿವಿಟೋಪಿ, ಟೋಪಿಯ ಮೇಲೆ ಮಫ್ಲರು, ಮಫ್ಲರಿನ ಮೇಲೆ ಹೆಲ್ಮೆಟ್ಟು. ಒಳಗೆ ಮನುಷ್ಯ ಇದ್ದಾನೆಂದು ಕಣ್ಣು ಮಿಟುಕಿಸಿದಾಗಷ್ಟೇ ಗೊತ್ತಾಗುತ್ತಿತ್ತು. ನನಗೂ ಎದೆಗೆ ಪತ್ರಿಕೆ ಕಡ್ಡಾಯ. "ನೀ ಕಲತಾಕಿ ಇರಬಹುದು. ಆದರ ಗಾಳಿಗೆ ಓದಾಕ ಬರೂದಿಲ್ಲ, ಅಕ್ಷರ ಕಂಡ್ರ ನಿಂದರತೈತಿ," ಎನ್ನುತ್ತಿದ್ದರು. ನರ್ಸಿಂಗ್ ಪುಸ್ತಕದಲ್ಲಿ ಇದು ಇಲ್ಲ.

ಆದರೆ ಎಲ್ಲ ಪುಟಗಳಿಗೂ ಅವರ ಮೈಮೇಲೆ ಪ್ರವೇಶವಿರಲಿಲ್ಲ. ಇದು ನನಗೆ ಗೊತ್ತಾದದ್ದು ಲಕ್ಷ್ಮೇಶ್ವರದಲ್ಲಿ, ನನ್ನ ತವರುಮನೆಯಲ್ಲಿ.

ಒಂದು ರಜೆಯ ದಿನ ಬೆಳಿಗ್ಗೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಬೀಗರು ಬಂದರೆಂದು ನನ್ನ ಅಪ್ಪ ಪಡಸಾಲೆಯಲ್ಲಿ ಕುರ್ಚಿ ಹಾಕಿ ಕಾದರು. ಮಾವನವರು ಬಿಚ್ಚತೊಡಗಿದರು. ಮಫ್ಲರು ಬಂತು, ಟೋಪಿ ಬಂತು, ಕೋಟು ಬಂತು, ಪತ್ರಿಕೆಯ ಎರಡು ಹಾಳೆ ಬಂದವು. ನನ್ನ ಅಪ್ಪನಿಗೆ ಪತ್ರಿಕೆಯೆಂದರೆ ಪ್ರಾಣ. ಅವರು ಆ ಹಾಳೆಗಳನ್ನು ಎತ್ತಿಕೊಂಡು, ಮಡಿಕೆ ಸರಿಮಾಡಿ, ಓದಲು ಶುರುಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಕದ ಮೇಲಿಂದ ನೋಡಿದರು.

"ಬೀಗರ, ಇದು ನಾಲ್ಕನೇ ಪುಟಕ್ಕ ನಿಂತೈತಲ್ರಿ. ಮುಂದಿಂದು?"

"ಅದು ಸ್ವೆಟರಿನ ಒಳಗ ಐತ್ರಿ. ಚಾ ಕುಡದು ಸ್ವಲ್ಪ ಬಿಸಿ ಆದ ಮ್ಯಾಲ ತಗೀತೀನಿ."

ಅಪ್ಪ ಕಾದರು. ಚಹಾ ಬಂತು. ಸ್ವೆಟರು ಹೋಯಿತು, ಪುಟಗಳು ಬಂದವು. ಅಪ್ಪ ಎಲ್ಲ ತಿರುವಿ ನೋಡಿ ಮತ್ತೆ ಕೇಳಿದರು.

"ನಿಧನದ ಪುಟ ಕಾಣವಲ್ದು. ನಮ್ಮ ಸಾಲಿ ಗೆಳೆಯ ಒಬ್ಬವ ಹೋದ. ಅವನ ಫೋಟೋ ಬಂದೈತಿ ಅಂತ ಹೇಳಿದ್ರು."

ಮಾವನವರ ಮುಖ ಗಂಭೀರವಾಯಿತು. "ಆ ಪುಟ ನಾ ಮೈಮ್ಯಾಲ ಹಾಕೂದಿಲ್ರಿ. ಮನ್ಯಾಗ ಹರದು ತಗದಿಟ್ಟು ಬಂದೀನಿ. ಅವರೆಲ್ಲಾ ಥಂಡಿ ಆದವರು. ಅವರನ್ನ ಎದಿಮ್ಯಾಲ ಇಟಗೊಂಡ್ರ ಎಷ್ಟು ಕೌದಿ ಹೊತ್ತರೂ ಬೆಚ್ಚಗಾಗೂದಿಲ್ಲ."

ಅಪ್ಪ ನಕ್ಕರು. "ಇವತ್ತಿಲ್ಲ ನಾಳಿ ನಮ್ಮ ಫೋಟೋನೂ ಅಲ್ಲೇ ಬರೂದಲ್ರಿ ಬೀಗರ."

"ನಿಮ್ಮದು ಬರೂ ದಿನ ನಾ ಪೇಪರೇ ತರಸೂದಿಲ್ಲ," ಎಂದರು ಮಾವನವರು. ಬೀಗರಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಯಾರು ಕೊಟ್ಟಾರು?

ಎದೆಯ ವ್ಯವಸ್ಥೆ ಆಯಿತು, ಬೆನ್ನಿನದೂ ಆಯಿತು. ಕಾಲುಗಳದೇ ಚಿಂತೆ. ಎರಡು ಜೊತೆ ಕಾಲುಚೀಲ ಹಾಕಿದರು, ಮೊಣಕಾಲಿಗೆ ಗೋಣಿಚೀಲ ಸುತ್ತಿದರು. ಆ ಸಣ್ಣ ಹುಡುಗರು ಒಪ್ಪಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಕುಣಿಯಲ್ಲಿ ಕುಳಿತಿದ್ದವರು ಥಟ್ಟನೆ ಎದ್ದು, ಅತ್ತೆಯ ಹತ್ತಿರ ಒಂದು ದೊಡ್ಡ ಕೌದಿ ಕೇಳಿದರು. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಅತ್ತೆ ಕೈಯಾರೆ ಹೊಲಿದದ್ದು. ಅದಕ್ಕೆ ಎರಡು ಕಡೆ ಹೊಲಿಗೆ ಹಾಕಿಸಿ, ಲಾಡಿ ಇಡಿಸಿ, ದೊಡ್ಡದೊಂದು ಚೀಲದಂತೆ ಮಾಡಿಸಿದರು. ಮೇಲಿನ ಬಾಯಿ ಸೊಂಟಕ್ಕೆ, ಮುಂದಿನ ಅಂಚು ಗಾಡಿಯ ಗಾರ್ಡಿಗೆ. ಗೇರು, ಬ್ರೇಕು, ಕಾಲು ಎಲ್ಲವೂ ಅದರೊಳಗೆ.

"ಏನಿದು ಅವತಾರ?" ಎಂದರು ಅತ್ತೆ.

"ಕುಣಿ," ಎಂದರು ಮಾವನವರು. "ಮನ್ಯಾಗಿನ ಕುಣಿ ಗಾಡಿಮ್ಯಾಲ ಬಂತು."

"ಒಳಗ ಗೇರು ಬ್ರೇಕು ಕಾಣಬೇಕಲ್ಲ?"

"ಮಗ್ಗದ ಹಲಗಿ ಯಾವಾಗ ಕಂಡಿತ್ತು? ಇಡೀ ಜಲ್ಮ ಕಾಣದ್ದನ್ನೇ ತುಳಿದು ಸೀರಿ ನೇದೀನಿ. ಎಡಗಾಲಿಗೆ ಒಂದು, ಬಲಗಾಲಿಗೆ ಒಂದು. ಗಾಡಿ ಅಂದ್ರೂ ಅಷ್ಟ."

ಖರೆ ಹೇಳಬೇಕೆಂದರೆ, ಓಡುವಷ್ಟು ಹೊತ್ತು ಅದು ಬಹಳ ಚೆನ್ನಾಗಿ ನಡೆಯಿತು. ಅವರು ಮೊದಲ ಬಾರಿಗೆ ಗಾಳಿಗೆ ಬೈಯದೆ ಗಾಡಿ ಹೊಡೆದರು. ಕಪ್ಪತಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳು ಕಂಡಾಗ ಮಾತ್ರ ಸುಮ್ಮನಿರಲಾಗಲಿಲ್ಲ. ಆ ಯಂತ್ರಗಳ ಮೇಲೆ ಅವರಿಗೆ ವಿಶೇಷ ಸಿಟ್ಟು. ಗಾಳಿಯಿಂದ ಅವು ತಿರುಗುತ್ತವೆ ಎಂದು ಎಷ್ಟು ಸಲ ಹೇಳಿದರೂ ಕೇಳುತ್ತಿರಲಿಲ್ಲ. "ಇಷ್ಟ ಫ್ಯಾನ್ ಹಚ್ಚಿಟ್ಟು ಹೋಗ್ಯಾರ, ಚಳಿಗಾಲದಾಗ ಆರಸೂಣು ಅಂತ ಒಬ್ಬನಿಗಾದರೂ ಬುದ್ಧಿ ಐತೇನು?" ಒಮ್ಮೆ ಅವೆಲ್ಲ ನಿಂತಿದ್ದವು. ಈಗ ಸಿಕ್ಕಿಬಿದ್ದರು ಎಂದುಕೊಂಡು ನಾನು ಕೇಳಿದ್ದೆ, "ಇವತ್ತ ಫ್ಯಾನ್ ಆರಿಸ್ಯಾರಲ್ರಿ ಮಾವಾರ, ಆದರೂ ಥಂಡಿ?" ತಿರುಗಿಯೂ ನೋಡದೆ ಉತ್ತರ ಬಂತು: "ಕೂಡ್ಲೇ ಹೋಗತೈತೇನು? ನಿನ್ನಿದು ಇನ್ನೂ ಉಳದೈತಿ."

ಇರಲಿ, ಕುಣಿಯ ಕಥೆ. ಡಂಬಳ ಇನ್ನೂ ಸ್ವಲ್ಪ ದೂರ ಇತ್ತು. ರಸ್ತೆಯ ತುಂಬ ಕುರಿಗಳು ಬಂದವು. ಮಾವನವರು ಬಲಗಾಲ ಹಲಗೆ ತುಳಿದರು, ಗಾಡಿ ನಿಂತಿತು. ಎಲ್ಲ ಸರಿಯಾಗಿಯೇ ಇತ್ತು. ಆದರೆ ನಿಂತ ಗಾಡಿಗೆ ಕಾಲು ಕೊಡಬೇಕು, ಕಾಲು ಕುಣಿಯಲ್ಲಿವೆ! ಇದು ಅವರಿಗೆ ಹೊಳೆದೇ ಇರಲಿಲ್ಲ. ಹೊಳೆಯುವುದಾದರೂ ಹೇಗೆ? ಅವರ ಮಗ್ಗ ಇಡೀ ಜನ್ಮದಲ್ಲಿ ಒಮ್ಮೆಯೂ ಕುರಿಗಳಿಗೆ ದಾರಿ ಬಿಡಬೇಕಾಗಿ ಬಂದಿರಲಿಲ್ಲ.

ಗಾಡಿ ಎಡಕ್ಕೆ ವಾಲತೊಡಗಿತು. ಅದಕ್ಕೇನೂ ಅವಸರವಿರಲಿಲ್ಲ. ಆಗ ನಾನು ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಕೂರುತ್ತಿದ್ದೆನಾದ್ದರಿಂದ, ಬಸ್ಸಿನಿಂದ ಇಳಿದವಳ ಹಾಗೆ ಇಳಿದು ನಿಂತೆ, ಕೈಯಲ್ಲಿ ರೊಟ್ಟಿಗಂಟು. ಮಾವನವರು ಕೌದಿಯ ಸಮೇತ, ಎರಿಮಣ್ಣಿನ ಮೆತ್ತನೆಯ ಅಂಚಿಗೆ ಹೆಲ್ಮೆಟ್ಟು ಒರಗಿಸಿ, ಮಗ್ಗುಲಾಗಿ ಮಲಗಿದ್ದರು. ಏನೂ ಪೆಟ್ಟಾಗಿರಲಿಲ್ಲ.

ಕುರಿಗಾರ ಬಂದು ನೋಡಿದ.

"ಏನ್ರೀ ಯಜಮಾನ್ರ, ಬರೂಮುಂದ ಹಾಸಿಗಿ ಸೈತ ತಗೊಂಡೇ ಬಂದೀರೇನ್ರಿ?"

ಮಾವನವರು ಮಲಗಿದಲ್ಲಿಂದಲೇ ಹೇಳಿದರು, "ನಿನ್ನ ಕುರಿ ದಾಟಲಿ ಅಂತ ಆರಾಮ ತಗೊಳ್ಳಾಕತ್ತೀನಿ. ಜಲ್ದಿ ಹೊಡಕೊಂಡು ಹೋಗು."

ಮನೆಯಲ್ಲಿ ಹೇಳಬೇಡ ಎಂದು ದಾರಿಯುದ್ದಕ್ಕೂ ನನಗೆ ತಾಕೀತಾಯಿತು. ಆದರೆ ಕೌದಿಗೆ ಹತ್ತಿದ ಎರಿಮಣ್ಣು ಸುಮ್ಮನಿರಬೇಕಲ್ಲ. "ಎಲ್ಲಿ ಬಿದ್ರಿ?" ಎಂದರು ಅತ್ತೆ. "ಬಿದ್ದಿಲ್ಲ, ಒರಗಿದ್ದೆ," ಎಂದರು ಮಾವನವರು.

ಬೇರೆ ಯಾರಾದರೂ ಆಗಿದ್ದರೆ ಕೌದಿಯನ್ನು ಬಿಚ್ಚಿ ಇಡುತ್ತಿದ್ದರು. ಇವರು ನನ್ನನ್ನು ಬದಲಿಸಿದರು.

"ಗಾಡಿಗೆ ಎರಡು ಕಾಲ ಬೇಕು. ನನ್ನವೇ ಆಗಬೇಕು ಅಂತ ಎಲ್ಲಿ ಬರದೈತಿ? ಯವ್ವಾ, ನಾಳಿಂದ ನೀ ಚೂಡಿದಾರ ಹಾಕ್ಕೋ. ಎರಡೂ ಕಡೆ ಕಾಲ ಹಾಕಿ ಕುಂಡ್ರು. ನಾ ಹೇಳಿದಾಗ ಕಾಲ ಕೊಡು."

ನಮ್ಮ ಮನೆಯಲ್ಲಿ ಸೊಸೆಯ ಚೂಡಿದಾರಕ್ಕೆ ಅಲ್ಲಿಯವರೆಗೆ ಅನುಮತಿ ಇರಲಿಲ್ಲ. ಅತ್ತೆ ಬಾಯಿ ತೆರೆದರು. ಮಾವನವರು ಮಣ್ಣಾದ ಕೌದಿಯನ್ನು ತೋರಿಸಿದರು. ಅತ್ತೆ ಬಾಯಿ ಮುಚ್ಚಿದರು. ಓಣಿಯ ಎಷ್ಟೋ ಸೊಸೆಯಂದಿರು ಅತ್ತು ಕರೆದು ಗಳಿಸಲಾಗದ್ದನ್ನು ನನಗೆ ಒಂದು ಹಿಂಡು ಕುರಿ ಗಳಿಸಿಕೊಟ್ಟಿತು.

ಅಂದಿನಿಂದ ನಾನು ಆ ಗಾಡಿಯ ಸ್ಟ್ಯಾಂಡು. ರೇಲ್ವೆ ಗೇಟು ಬಂದರೆ, ದನ ಅಡ್ಡ ಬಂದರೆ, ಡಂಬಳದ ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ, ಮುಂದಿನಿಂದ ಮಫ್ಲರಿನೊಳಗಿಂದ ಕೂಗು ಬರುತ್ತಿತ್ತು: "ಕಾಲ ಕೊಡವಾ!" ನಾನು ಎರಡೂ ಕಾಲು ನೆಲಕ್ಕೆ ಊರುತ್ತಿದ್ದೆ. ಅವರು ಕುಣಿಯೊಳಗೆ ರಾಜನ ಹಾಗೆ ಕುಳಿತಿರುತ್ತಿದ್ದರು. ನನ್ನನ್ನು ಇಳಿಸುವಾಗ ಮಾತ್ರ ಕೌದಿ ಬಿಚ್ಚಿ ಸೀಟಿಗೆ ಕಟ್ಟಿ, ಏರುವ ಬಿಸಿಲಿನಲ್ಲಿ ಬರಿಗಾಲುಚೀಲದಲ್ಲೇ ವಾಪಸಾಗುತ್ತಿದ್ದರು. ಮೊದಮೊದಲು ಜನ ತಿರುಗಿ ನೋಡುತ್ತಿದ್ದರು. ಆಮೇಲೆ ಡಂಬಳದ ಚಹಾದಂಗಡಿಯವನು ನಮ್ಮ ಗಾಡಿ ದೂರದಲ್ಲಿ ಕಂಡ ಕೂಡಲೇ, "ಕಾಲ ಕೊಡ್ರೆವಾ," ಎಂದು ತಾನೇ ಮೊದಲು ಕೂಗುವಷ್ಟು ಬಳಕೆಯಾಯಿತು.

ಕಾಲು ಕೊಡುವವಳಿಗೆ ಗಾಡಿ ಯಾವಾಗ ನಿಲ್ಲುತ್ತದೆ, ಯಾವಾಗ ವಾಲುತ್ತದೆ ಎನ್ನುವುದು ಮೈಗೆ ತಿಳಿಯತೊಡಗಿತು. ಅದನ್ನು ಅವರು ಗಮನಿಸಿರಬೇಕು. ಒಂದು ಭಾನುವಾರ ಊರ ಹೊರಗಿನ ಖಾಲಿ ಕಣಕ್ಕೆ ಕರೆದುಕೊಂಡು ಹೋಗಿ, ಗಾಡಿ ನನ್ನ ಕೈಗೆ ಕೊಟ್ಟು, ತಾವು ಹಿಂದೆ ಕುಳಿತರು. "ಅರ್ಧ ಕಲತೀ, ಕಾಲಿಂದು. ಇನ್ನರ್ಧ ಕೈದು." ಅತ್ತೆಗೆ ಹೇಳುವುದು ಬೇಡವೆಂದು ಇಬ್ಬರೂ ಮಾತಾಡಿಕೊಂಡೆವು. ಆಮೇಲೆ ಎಷ್ಟೋ ಭಾನುವಾರ ಹೋದೆವು. ಅವರು ಹಿಂದೆ ಕೂತಾಗಲೂ ಕೂಗುವುದನ್ನು ಬಿಡಲಿಲ್ಲ. ನಾನು ಮುಂದಿದ್ದೆ, ಕಾಲು ನನ್ನವೇ, ಆದರೂ "ಕಾಲ ಕೊಡವಾ!"

ಆ ಚಳಿಗಾಲಗಳಲ್ಲಿ ಎದೆಯ ಕಾರಣಕ್ಕೆ ನಾನು ಒಂದು ದಿನವೂ ರಜೆ ಹಾಕಲಿಲ್ಲ. ರೊಟ್ಟಿಯ ಬಿಸಿಗೋ, ಪತ್ರಿಕೆಯ ಅಕ್ಷರಕ್ಕೋ, ಮುಂದೆ ಗಾಳಿಗೆ ಅಡ್ಡಲಾಗಿ ಕುಳಿತ ಅಷ್ಟಗಲದ ಬೆನ್ನಿಗೋ, ಆ ಬೆಕ್ಕು ಗುರುಗುಟ್ಟಲಿಲ್ಲ. ನೌಕರಿ ಬಿಡುವ ಮಾತು ನೆಂಟರ ಬಾಯಲ್ಲಿ ಒಣಗಿಹೋಯಿತು.

ಆ ದಿನ ನನ್ನನ್ನು ಇಳಿಸಿ ಹೋದವರು ಮನೆ ಮುಟ್ಟಿದ್ದಾರೆ. ಟೋಪಿ, ಮಫ್ಲರು, ಕೋಟು ಎಲ್ಲ ತೆಗೆದು ಗೂಟಕ್ಕೆ ಹಾಕಿದ್ದಾರೆ. ಹಲಗೆ ಸರಿಸಿ, ಕುಣಿಯಲ್ಲಿ ಕಾಲು ಇಳಿಬಿಟ್ಟು ಚಹಾ ಕೇಳಿದ್ದಾರೆ. ಅತ್ತೆ ಚಹಾ ಕೊಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ನಿದ್ದೆ ಹತ್ತಿದೆ ಎಂದುಕೊಂಡು ಅತ್ತೆ ಹೆಗಲಿಗೆ ಕೌದಿ ಹೊದಿಸಿದರಂತೆ. ಬಸಿಯಲ್ಲಿ ಚಹಾ ಹಾಗೇ ಇತ್ತು.

ಆಸ್ಪತ್ರೆಯಲ್ಲಿ ನನಗೆ ನಮ್ಮ ಗಾಡಿಯ ಸದ್ದು ಕೇಳಿಸಿತು. ಮಾವನವರು ಏನೋ ಮರೆತು ಮತ್ತೆ ಬಂದರು ಎಂದುಕೊಂಡು ಹೊರಗೆ ಹೋದೆ. ಗಾಡಿಯ ಮೇಲೆ ನನ್ನ ಗಂಡ ಇದ್ದರು. ತಲೆಗೆ ಏನೂ ಇರಲಿಲ್ಲ, ಕಿವಿ ಕೆಂಪಾಗಿದ್ದವು.

ಎರಡು ದಿನದ ಮೇಲೆ ಪತ್ರಿಕೆಯಲ್ಲಿ ಸಣ್ಣದಾಗಿ ಫೋಟೋ ಬಂತು. ಬೇಸಿಗೆಯಲ್ಲಿ ತೆಗೆದ ಹಳೆಯ ಫೋಟೋ, ಬರಿಯ ತಲೆ. ಡಂಬಳದ ಚಹಾದಂಗಡಿಯವನು ಅದನ್ನು ನೋಡಿಯೂ ಅವರೆಂದು ಗುರುತಿಸಲಿಲ್ಲವಂತೆ. ಆ ಮನುಷ್ಯನಿಗೊಂದು ತಲೆ ಇದೆಯೆಂದು ಅವನಿಗೇನು ಗೊತ್ತು?

ಕಾರ್ಯ ಮುಗಿದವು, ನನ್ನ ರಜೆಯೂ ಮುಗಿಯುತ್ತ ಬಂತು, ಚಳಿ ಮಾತ್ರ ಮುಗಿಯಲಿಲ್ಲ. ಎದೆಯಲ್ಲಿ ಬೆಕ್ಕು ಮತ್ತೆ ಬಂದಿತ್ತು. "ಈ ಥಂಡ್ಯಾಗ ಹೆಂಗ ಹೋಗ್ತಿ? ಇನ್ನ ನೌಕರಿ ಸಾಕು," ಎಂದರು ನನ್ನ ಗಂಡ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವರಿಗೂ ಅಂಜಿಕೆ. ನೆಂಟರ ಬಾಯಲ್ಲಿ ಹಳೆಯ ಮಾತು ಮತ್ತೆ ಹಸಿಯಾಯಿತು. ಚಳಿಗಾಲ ನೋಡಿಕೊಳ್ಳುತ್ತೇನೆ ಎಂದವರು ಇರಲಿಲ್ಲ. ನಾನು ಮೊದಲಿನ ಹಾಗೆಯೇ ಮೂಲೆಯಲ್ಲಿ ನಿಂತೆ. ರಾಜೀನಾಮೆ ಕೊಡುವುದೆಂದು ಮನಸ್ಸಿನಲ್ಲಿ ಆಗಿಹೋಗಿತ್ತು.

ರಜೆ ಮುಗಿದ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಅವರು ಹೋದ ಮೇಲೆ ಅತ್ತೆ ಆ ಹೊತ್ತಿಗೆ ಒಲೆ ಹಚ್ಚಿರಲಿಲ್ಲ. ಎದ್ದು ಹೋದೆ. ಧೋತರದ ಪದರಗಳಲ್ಲಿ ರೊಟ್ಟಿ ಸುತ್ತುತ್ತಿದ್ದರು.

"ಹೊತ್ತಾತು, ತಯಾರಾಗು."

"ಬಸ್ಸಿಗೆ ಹೋದ್ರ ಎಂಟಕ್ಕ ಮುಟ್ಟೂದಿಲ್ರಿ ಅತ್ತಿ."

"ಬಸ್ಸಿನ ಮಾತು ಯಾರು ತಗದ್ರು? ಗಾಡಿ ಕಲಿಸ್ಯಾರಲ್ಲ. ಭಾನುವಾರ ಭಾನುವಾರ ಮಾವ ಸೊಸಿ ಕಣಕ್ಕ ಹೋಗಿ ಜ್ವಾಳ ತೂರತಿದ್ರಿ ಅಂತ ತಿಳಕೊಂಡೀನೇನು ನಾ?"

ಅವರು ನನ್ನನ್ನು ಎಳೆದು ನಿಲ್ಲಿಸಿ, ಸ್ವೆಟರಿನೊಳಗೆ ಪತ್ರಿಕೆಯ ಹಾಳೆ ಇಡತೊಡಗಿದರು. ಗೋಡೆಯ ಮಾಡಿನಲ್ಲಿ ಮಡಿಸಿಟ್ಟಿದ್ದ ಹಾಳೆಗಳು. ಮೇಲಿದ್ದದ್ದರ ಮೇಲೆ ನನ್ನ ಕಣ್ಣು ಹೋಯಿತು. ಸಾಲಾಗಿ ಸಣ್ಣ ಫೋಟೋಗಳು, ನಡುವೆ ಬರಿಯ ತಲೆಯ ಒಬ್ಬರು.

"ಅತ್ತಿ, ಇದು ಬ್ಯಾಡ್ರಿ. ಈ ಪುಟ ಮಾವಾರು ಎದಿಮ್ಯಾಲ ಹಾಕ್ಕೊಳ್ಳಾಕ ಬಿಡತಿದ್ದಿಲ್ಲ."

ಅತ್ತೆ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿದರು. ಬೆರಳಿನಿಂದ ಮಡಿಕೆ ಸವರಿದರು.

"ಉಳಿದವರ ಮಾತು ಬಿಡು. ಥಂಡಿ ಆಗು ಅಂದ್ರ ಇವರು ಒಪ್ಪುವರೇನು?"

ಫೋಟೋ ಒಳಮುಖವಾಗಿ ಮಡಿಸಿ, ನನ್ನ ಎದೆಯ ಮೇಲಿಟ್ಟು, ಗುಂಡಿ ಹಾಕಿದರು. ರೊಟ್ಟಿಗಂಟನ್ನು ನನ್ನ ಬೆನ್ನಿಗೆ ತಾಗುವ ಹಾಗೆ ಹಿಂದಿನ ಸೀಟಿಗೆ ಕಟ್ಟಿದರು. ಚೀಲದ ಹೊಲಿಗೆ ಬಿಚ್ಚಿಸಿ ಮೊದಲಿನ ಹಾಗೆ ಕೌದಿಯನ್ನಾಗಿಯೇ ಮಾಡಿದ್ದರು, ಅದನ್ನು ನಾನು ಸೊಂಟಕ್ಕೆ ಸುತ್ತಿಕೊಂಡೆ. ಹಾಲಿನ ಅಂಗಡಿಯ ಮುಂದೆ ಹಾದಾಗ ನನ್ನ ಗಂಡ ಹಾಲಿನ ಚೀಲ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು. ಎಂಟಕ್ಕೆ ಮೊದಲೇ ಆಸ್ಪತ್ರೆ ಮುಟ್ಟಿದೆ. ಎದೆ ಬೆಚ್ಚಗಿತ್ತು. ಆ ಪುಟದ ವಿಷಯದಲ್ಲಿ ಮಾವನವರ ಲೆಕ್ಕ ತಪ್ಪಿತ್ತು.

ಈ ಚಳಿಗಾಲವೂ ಹೋಗುತ್ತಿದ್ದೇನೆ. ಕುಣಿ ಮುಚ್ಚಿಸುವ ಮಾತನ್ನು ನನ್ನ ಗಂಡ ಈ ವರ್ಷ ಎತ್ತಿಲ್ಲ. ಕಪ್ಪತಗುಡ್ಡದ ಮೇಲೆ ಫ್ಯಾನುಗಳು ತಿರುಗುತ್ತಲೇ ಇವೆ, ಯಾರೂ ಆರಿಸಿಲ್ಲ. ಡಂಬಳದ ಚಹಾದಂಗಡಿಯವನು ನನ್ನನ್ನು ಕಂಡರೆ ಕೈ ಎತ್ತುತ್ತಾನೆ, ಏನೂ ಕೂಗುವುದಿಲ್ಲ. ತಿರುವಿನಲ್ಲಿ ಲಾರಿ ಬಂದರೆ ಗಾಡಿ ನಿಲ್ಲಿಸುತ್ತೇನೆ, ಎರಡೂ ಕಾಲು ನೆಲಕ್ಕೆ ಊರುತ್ತೇನೆ.

ಕಾಲು ಕೊಡು ಎಂದು ಹೇಳುವವರು ಇಲ್ಲ.